ಮೇನ್ ಟ್ಯಾಂಕಿನಲ್ಲಿ ಇಂಧನ ಇದ್ದೂ ಎರಡೂ ಎಂಜಿನ್ ನಿಲ್ಲುವುದು ಹೇಗೆ? ಜೊತೆಗೆ ಮಲೆನಾಡಿನ ಹವೆ ಮತ್ತು ಡ್ರಮ್ ಇಂಧನದ ಬಗ್ಗೆ

ರೋಟರ್_ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ ಓದುತ್ತಿದ್ದೇವೆ, ಹೆಲಿಕಾಪ್ಟರಿನ ಇಂಧನ ವ್ಯವಸ್ಥೆ ನಮ್ಮ ಪ್ರಾಜೆಕ್ಟು. ಟ್ಯಾಂಕು, ಬೂಸ್ಟ್ ಪಂಪು, ಶಟ್‌ಆಫ್ ವಾಲ್ವು, ಫಿಲ್ಟರು, ಎಂಜಿನ್ನಿನ ಪಂಪು, ನಾಜಲ್ ಅಂತ ಸರಪಳಿ ಬರೆಯುವಷ್ಟು ಗೊತ್ತಾಗಿದೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಮೊದಲನೆಯದು, 2013ರ ನವೆಂಬರ್ 29ರ ರಾತ್ರಿ ಗ್ಲಾಸ್ಗೋದಲ್ಲಿ ಪೊಲೀಸ್ ಹೆಲಿಕಾಪ್ಟರ್ ಇಸಿ135 ಒಂದು ಪಬ್ಬಿನ ಚಾವಣಿ ಮೇಲೆ ಬಿದ್ದದ್ದು. ಮೇನ್ ಟ್ಯಾಂಕಿನಲ್ಲಿ 76 ಕೆಜಿ ಇಂಧನ ಉಳಿದಿತ್ತಂತೆ, ಆದರೂ ಎರಡೂ ಎಂಜಿನ್ ಇಂಧನ ಸಿಗದೆ ನಿಂತವಂತೆ. ಸಪ್ಲೈ ಟ್ಯಾಂಕ್ ಅಂತ ಬೇರೆ ಇಡದೆ ಒಂದೇ ದೊಡ್ಡ ಟ್ಯಾಂಕ್ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಲ್ಲವೇ?

ಎರಡನೆಯದು ನಮ್ಮ ಗೈಡ್ ಕೇಳಿದ ಪ್ರಶ್ನೆ: "ಇದೇ ವ್ಯವಸ್ಥೆ ಚಿಕ್ಕಮಗಳೂರಿನ ಹವೆಯಲ್ಲಿ, ಮೈದಾನದ ತಾತ್ಕಾಲಿಕ ಹೆಲಿಪ್ಯಾಡಿನಲ್ಲಿ ಡ್ರಮ್ಮಿನಿಂದ ಇಂಧನ ತುಂಬಿಸಿಕೊಂಡು ಕೆಲಸ ಮಾಡಬೇಕಾದರೆ ಏನೇನು ಕೆಡುತ್ತೆ?" ಬೆಂಗಳೂರಿನಿಂದ ನೇರ ಹಾರಿದರೂ ಸುಮಾರು 200 ಕಿ.ಮೀ., ಹಾಗಾಗಿ ವಾಪಸ್ಸು ಹೋಗುವ ಇಂಧನ ಹಲವು ಸಲ ಇಲ್ಲೇ ತುಂಬಬೇಕು ಅನ್ನುವಷ್ಟು ನಮಗೂ ಹೊಳೆಯಿತು. ಅದರಾಚೆಗೆ ತಿಳಿದವರು ದಯವಿಟ್ಟು ಹೇಳಿ.

ಟರ್ಬೋಶಾಫ್ಟ್

ಸಪ್ಲೈ ಟ್ಯಾಂಕ್ ಇಟ್ಟದ್ದು ತಪ್ಪಲ್ಲ. ಅದು ಇಲ್ಲದಿದ್ದರೆ ಎಂಜಿನ್ ನಿಲ್ಲುವ ಪ್ರಸಂಗ ಇನ್ನೂ ಹೆಚ್ಚುತ್ತಿತ್ತು.

ಹೆಲಿಕಾಪ್ಟರ್ ಮುಂದಕ್ಕೆ ಹಾರುವಾಗ ಮೂತಿ ಕೆಳಗೆ ಮಾಡುತ್ತದೆ, ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಾಗ) ಮೂತಿ ಸ್ವಲ್ಪ ಮೇಲಿರುತ್ತದೆ. ಸೆಂಟರ್ ಆಫ್ ಗ್ರ್ಯಾವಿಟಿ ಹೆಚ್ಚು ಅಲುಗಾಡಬಾರದು ಅಂತ ಟ್ಯಾಂಕನ್ನು ರೋಟರ್ ಮಾಸ್ಟ್‌ನ ಆಸುಪಾಸಿನಲ್ಲೇ ಕೂರಿಸಬೇಕು. ಇಸಿ135 ಥರದ ಯಂತ್ರಗಳಲ್ಲಿ ಅದು ನೆಲಹಾಸಿನ ಕೆಳಗೆ, ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ. ಚಪ್ಪಟೆ ಟ್ಯಾಂಕಿನಲ್ಲಿ ಇಂಧನ ಕಡಿಮೆಯಾದಾಗ ನಾಲ್ಕೈದು ಡಿಗ್ರಿ ವಾಲಿದರೂ ಅಷ್ಟೂ ಒಂದು ತುದಿಗೆ ಹರಿದುಬಿಡುತ್ತದೆ, ಇನ್ನೊಂದು ತುದಿಯ ಪಂಪು ಗಾಳಿ ಎಳೆಯುತ್ತದೆ. ಗಾಳಿಯ ಗುಳ್ಳೆ ಎಂಜಿನ್ನಿನ ಗೇರ್ ಪಂಪಿಗೆ ಹೋದರೆ ಒತ್ತಡ ಬೀಳುತ್ತದೆ, ಕಂಬಶ್ಚನ್ ಚೇಂಬರಿನಲ್ಲಿ ಜ್ವಾಲೆ ಆರುತ್ತದೆ. ಇದನ್ನು ತಪ್ಪಿಸಲು ಎಂಜಿನ್ ನೇರವಾಗಿ ಎಳೆದುಕೊಳ್ಳುವುದಕ್ಕೆ ಚಿಕ್ಕದಾದ, ಆಳವಾದ, ಯಾವಾಗಲೂ ತುಂಬಿರುವ ಟ್ಯಾಂಕು ಬೇಕು. ಅದೇ ಸಪ್ಲೈ ಟ್ಯಾಂಕ್.

ಮೇನ್ ಟ್ಯಾಂಕಿನ ಮುಂದೊಂದು ಹಿಂದೊಂದು ಟ್ರಾನ್ಸ್‌ಫರ್ ಪಂಪು ಇರುತ್ತವೆ. ಎಂಜಿನ್ ಕುಡಿಯುವುದಕ್ಕಿಂತ ಹೆಚ್ಚೇ ಇಂಧನವನ್ನು ಅವು ಸಪ್ಲೈ ಟ್ಯಾಂಕಿಗೆ ಏರಿಸುತ್ತಿರುತ್ತವೆ, ಹೆಚ್ಚಾದದ್ದು ಉಕ್ಕಿ ಮೇನ್ ಟ್ಯಾಂಕಿಗೇ ವಾಪಸ್ ಬೀಳುತ್ತದೆ. ಮನೆಯ ಸಂಪು ಮತ್ತು ಮೇಲಿನ ಟ್ಯಾಂಕಿನ ಲೆಕ್ಕವೇ ಇದು: ಸಂಪು ತುಂಬಿದ್ದರೂ ಮೋಟರ್ ಹಾಕದಿದ್ದರೆ ನಲ್ಲಿಯಲ್ಲಿ ನೀರಿಲ್ಲ.

ಈಗ ಅಪಾಯ ಹೇಗೆ ಹುಟ್ಟುತ್ತದೆ ನೋಡಿ. ಮೇನ್ ಟ್ಯಾಂಕಿನಲ್ಲಿ ಇಂಧನ ಕೆಳಗಿಳಿದಿದೆ. ಮುಂದಕ್ಕೆ ಹಾರುವಾಗ ಇಂಧನ ಮುಂದೆ ಸರಿದು ಹಿಂದಿನ ಪಂಪು ಒಣಗುತ್ತದೆ, ಎಚ್ಚರಿಕೆ ಲೈಟು ಬರುತ್ತದೆ. ಈ ಪಂಪುಗಳಿಗೆ ತಂಪೂ ಇಂಧನದಿಂದಲೇ, ಜಾರುವಿಕೆಯೂ ಇಂಧನದಿಂದಲೇ. ಒಣಗಿ ಓಡಿದರೆ ಸುಟ್ಟು ಹೋಗುತ್ತದೆ ಅಂತ ಅದನ್ನು ಆಫ್ ಮಾಡಬೇಕು. ಆಮೇಲೆ ಹೋವರ್‌ಗೆ ಬಂದಾಗ ಇಂಧನ ಹಿಂದಕ್ಕೆ ಬಂದು ಮುಂದಿನ ಪಂಪು ಒಣಗುತ್ತದೆ. ಅದನ್ನೂ ಆಫ್ ಮಾಡಿ, ಹಿಂದಿನದನ್ನು ಮತ್ತೆ ಆನ್ ಮಾಡುವುದು ಬಿಟ್ಟುಹೋದರೆ ಎರಡೂ ಆಫ್. ಆ ಕ್ಷಣದಲ್ಲಿ ಏನೂ ಕೆಟ್ಟ ಹಾಗೆ ಕಾಣುವುದಿಲ್ಲ. ಸಪ್ಲೈ ಟ್ಯಾಂಕುಗಳು ಮಾತ್ರ ನಿಧಾನವಾಗಿ ಖಾಲಿಯಾಗುತ್ತಿರುತ್ತವೆ.

ಗ್ಲಾಸ್ಗೋದ ಅವಶೇಷದಲ್ಲಿ ಎರಡೂ ಟ್ರಾನ್ಸ್‌ಫರ್ ಪಂಪಿನ ಸ್ವಿಚ್ಚುಗಳು ಆಫ್ ಇದ್ದವು, ಎರಡೂ ಪ್ರೈಮ್ ಪಂಪಿನ ಸ್ವಿಚ್ಚುಗಳು ಆನ್ ಇದ್ದವು. ಪ್ರೈಮ್ ಪಂಪು ಎಂಜಿನ್ ಶುರು ಮಾಡುವಾಗ ಬಳಸುವಂಥದ್ದು, ಸಪ್ಲೈ ಟ್ಯಾಂಕಿನ ಒಳಗಿನದು. ಮೇನ್ ಟ್ಯಾಂಕಿನಿಂದ ಒಂದು ಹನಿಯನ್ನೂ ಅದು ತರಲಾರದು. ಈ ಸ್ವಿಚ್ಚುಗಳು ತಲೆಯ ಮೇಲಿನ ಪ್ಯಾನೆಲ್ಲಿನಲ್ಲಿ ಅಕ್ಕಪಕ್ಕ ಇರುತ್ತವೆ. ಹಾಗೆ ಯಾಕಾಯಿತು ಅನ್ನುವುದು ತನಿಖೆಗೆ ಸಿಗಲಿಲ್ಲ, ಆ ಹೆಲಿಕಾಪ್ಟರಿನಲ್ಲಿ ಫ್ಲೈಟ್ ರೆಕಾರ್ಡರ್ ಇರಲಿಲ್ಲ, ಅಂದಿನ ನಿಯಮದಲ್ಲಿ ಬೇಕಾಗಿಯೂ ಇರಲಿಲ್ಲ. ಆದರೆ ಲೋ ಫ್ಯೂಯಲ್ ಎಚ್ಚರಿಕೆ ಬಂದದ್ದು, ಅದನ್ನು ಐದು ಸಲ ಒತ್ತಿ ಸ್ವೀಕರಿಸಿದ್ದು ಉಪಕರಣದ ಮೆಮೊರಿಯಲ್ಲಿ ದಾಖಲಾಗಿತ್ತು. ಆ ಎಚ್ಚರಿಕೆ ಬಂದರೆ 10 ನಿಮಿಷದೊಳಗೆ ಇಳಿಯಬೇಕು ಅನ್ನುವುದು ಅದರ ಕ್ರಮ.

ಎರಡು ಸಪ್ಲೈ ಟ್ಯಾಂಕುಗಳನ್ನು ಬೇಕೆಂದೇ ಒಂದೇ ಗಾತ್ರದಲ್ಲಿ ಮಾಡಿಲ್ಲ, ಎರಡು ಎಂಜಿನ್ನೂ ಒಟ್ಟಿಗೆ ನಿಲ್ಲಬಾರದು ಅಂತ. ಆದರೂ ಅವತ್ತು ಒಂದು ನಿಂತ 32 ಸೆಕೆಂಡಿಗೆ ಇನ್ನೊಂದೂ ನಿಂತಿತು. ಎರಡೂ ಹೋದ ಮೇಲೆ ವಿದ್ಯುತ್ ಬರೀ ಬ್ಯಾಟರಿಯಿಂದ. ರೇಡಿಯೋ ಆಲ್ಟಿಮೀಟರ್ (ನೆಲದಿಂದ ಎತ್ತರ ಅಳೆಯುವುದು), ತಿರುಗಿಸಬಲ್ಲ ಲ್ಯಾಂಡಿಂಗ್ ಲೈಟು ಇರುವ ಬಸ್, ಅಂದರೆ ಕರೆಂಟು ಹಂಚುವ ಸಾಲು, ತಾನಾಗಿ ಕಡಿತವಾಗುತ್ತದೆ, ಇನ್ನೊಂದು ಸ್ವಿಚ್ಚು ಹಾಕಿದರೆ ಮಾತ್ರ ವಾಪಸ್ ಬರುತ್ತದೆ. ರಾತ್ರಿ, ಊರಿನ ಮೇಲೆ, ಆಟೋರೊಟೇಶನ್‌ನಲ್ಲಿ (ಎಂಜಿನ್ ಇಲ್ಲದೆ, ಗಾಳಿಯಿಂದಲೇ ರೋಟರ್ ತಿರುಗುತ್ತಾ ಇಳಿಯುವಾಗ) ನೆಲ ಎಷ್ಟು ಕೆಳಗಿದೆ ಅನ್ನುವುದೇ ತಿಳಿಯದ ಸ್ಥಿತಿ. ಒಳಗಿದ್ದ ಮೂವರು, ಪಬ್ಬಿನಲ್ಲಿದ್ದ ಏಳು ಜನ ಸತ್ತರು.

ನಿಮ್ಮ ವರದಿಯಲ್ಲಿ "ಒಟ್ಟು ಇಂಧನ" ಅಂತ ಒಂದೇ ಅಂಕಿ ಬರೆಯಬೇಡಿ. ಎಂಜಿನ್ನಿಗೆ ತಲುಪಬಲ್ಲದ್ದು ಎಷ್ಟು, ಯಾವ ಭಂಗಿಯಲ್ಲಿ, ಯಾವ ಪಂಪು ಓಡುತ್ತಿದ್ದರೆ ಅಂತ ಬಿಡಿಸಿ ಬರೆಯಿರಿ. ಇಡೀ ವಿಷಯದ ತಿರುಳು ಅಲ್ಲೇ ಇದೆ.

ರೋಟರ್_ಹಾಸನ

ತುಂಬಾ ಉಪಕಾರ ಆಯ್ತು ಸರ್. ಎರಡು ಉಪಪ್ರಶ್ನೆ. ಗೇಜು ಒಂದು ಹೇಳಿ, ಲೋ ಫ್ಯೂಯಲ್ ಲೈಟು ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು? ಮತ್ತೆ ಎಲ್ಲ ಕಡೆ ಲೀಟರ್ ಬಿಟ್ಟು ಕೆಜಿ ಯಾಕೆ?

ಟರ್ಬೋಶಾಫ್ಟ್

ಲೈಟನ್ನು. ಗೇಜು ಸಾಮಾನ್ಯವಾಗಿ ಕೆಪ್ಯಾಸಿಟೆನ್ಸ್ ಪ್ರೋಬಿನದು: ಎರಡು ಕೊಳವೆಗಳ ನಡುವೆ ಇಂಧನ ಎಷ್ಟು ಎತ್ತರ ಏರಿದೆ ಅನ್ನುವುದನ್ನು ಡೈಎಲೆಕ್ಟ್ರಿಕ್ (ವಿದ್ಯುತ್ ಚಾರ್ಜು ಹಿಡಿದಿಡಲು ನೆರವಾಗುವ ಗುಣ) ಬದಲಾವಣೆಯಿಂದ ಲೆಕ್ಕ ಹಾಕುತ್ತದೆ. ಜೆಟ್ ಇಂಧನದ ಡೈಎಲೆಕ್ಟ್ರಿಕ್ ಸಂಖ್ಯೆ 2ರ ಆಸುಪಾಸು, ನೀರಿನದು ಸುಮಾರು 80. ಪ್ರೋಬಿನ ತಳಕ್ಕೆ ಚೂರು ನೀರು ಸೇರಿದರೂ ಓದು ಹಳ್ಳ ಹಿಡಿಯುತ್ತದೆ, ಅದೂ ಹೆಚ್ಚಿದೆ ಅಂತ ತೋರಿಸುವ ಕಡೆಗೆ. ಲೋ ಫ್ಯೂಯಲ್ ಸೆನ್ಸರು ಗೇಜಿನ ಪ್ರೋಬಿಗೆ ಸಂಬಂಧವಿಲ್ಲದೆ ಸಪ್ಲೈ ಟ್ಯಾಂಕಿನೊಳಗೆ ಪ್ರತ್ಯೇಕವಾಗಿ ಕೂತಿರುತ್ತದೆ. ಹಾಗೆ ಪ್ರತ್ಯೇಕ ಇಟ್ಟದ್ದೇ ಇಂಥ ಗೊಂದಲಕ್ಕೆ. ಲೈಟು ಬಂದರೆ ಮೊದಲು ಪಂಪಿನ ಸ್ವಿಚ್ಚು ನೋಡುವುದು, ಜೊತೆಗೇ ಇಳಿಯುವ ಜಾಗ ಹುಡುಕುವುದು. ಗೇಜನ್ನು ಬೆರಳಲ್ಲಿ ತಟ್ಟುತ್ತಾ ಕೂರುವ ಹೊತ್ತಲ್ಲ.

ಕೆಜಿ ಯಾಕೆಂದರೆ ಎಂಜಿನ್ನಿಗೆ ಸಿಗುವ ಶಕ್ತಿ ದ್ರವ್ಯರಾಶಿಯನ್ನು ಅವಲಂಬಿಸಿದೆ, ಹೆಲಿಕಾಪ್ಟರಿನ ತೂಕದ ಲೆಕ್ಕವೂ ಅದರಲ್ಲೇ. ಜೆಟ್ ಎ-1 ಇಂಧನದ ಸಾಂದ್ರತೆ 15 ಡಿಗ್ರಿಯಲ್ಲಿ ಘನ ಮೀಟರಿಗೆ 775ರಿಂದ 840 ಕೆಜಿ ತನಕ ಇರಬಹುದು. 0.8 ಅಂತ ಹಿಡಿದರೆ ಆ 76 ಕೆಜಿ ಅಂದರೆ 95 ಲೀಟರ್. ಗಂಟೆಗೆ 200 ಕೆಜಿ ಕುಡಿಯುವ ಯಂತ್ರ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷದ ಹಾರಾಟ. ಐಕಾವೋ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಲ್ಲಿ ಹಗಲಿನ ಕಣ್ಣಳತೆಯ ಹಾರಾಟಕ್ಕೆ ಹೆಲಿಕಾಪ್ಟರ್ ಇಟ್ಟುಕೊಳ್ಳಬೇಕಾದ ಕೊನೆಯ ಮೀಸಲು 20 ನಿಮಿಷ. ಅಂದರೆ ತಲುಪಲಾಗದ ಆ ಇಂಧನ ಒಂದಿಡೀ ಮೀಸಲಿನಷ್ಟಿತ್ತು.

ಮಲೆನಾಡು_ಎಎಂಇ

ಗೈಡ್ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ನಮ್ಮ ಕಡೆ ಇಂಧನದ ಶತ್ರು ನೀರು, ಮಂಜುಗಡ್ಡೆ ಅಲ್ಲ. ಅಮೆರಿಕದ ನಿಯಮದಲ್ಲಿ 27 ಡಿಗ್ರಿಯಲ್ಲಿ ಹಿಡಿಯುವಷ್ಟೂ ನೀರು ಕರಗಿಸಿಕೊಂಡ ಇಂಧನಕ್ಕೆ ಗ್ಯಾಲನ್ನಿಗೆ 0.75 ಸಿಸಿ ನೀರು ಬೆರೆಸಿ, ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿದರೂ ವ್ಯವಸ್ಥೆ ಕೆಲಸ ಮಾಡಬೇಕು ಅಂತಿದೆ. ಪುಸ್ತಕಗಳೆಲ್ಲ ಅದರ ಮೇಲೇ ಪುಟಗಟ್ಟಲೆ ಬರೆಯುತ್ತವೆ. ಮುಳ್ಳಯ್ಯನಗಿರಿಯೇ 1,930 ಮೀಟರ್ ಚಿಲ್ಲರೆ, ಅದನ್ನು ದಾಟಿ ಹಾರಿದರೂ ಅಷ್ಟು ಚಳಿ ಸಿಗುವುದಿಲ್ಲ. ನಮಗೆ ಕಾಡುವುದು ಗಟ್ಟಿಯಾಗದ ನೀರು, ಅದರಲ್ಲಿ ಬೆಳೆಯುವ ಬೂಷ್ಟು.

ಜನ ಜೂನ್, ಜುಲೈ ಮಳೆಗೆ ಹೆದರುತ್ತಾರೆ. ಡಿಸೆಂಬರ್, ಜನವರಿಯನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಇಂಧನ ಬಿಸಿ ಇದ್ದಾಗ ಹೆಚ್ಚು ನೀರನ್ನು ಕರಗಿಸಿಕೊಂಡಿರುತ್ತದೆ, ತಣಿದಾಗ ಬಿಟ್ಟುಕೊಡುತ್ತದೆ. ಒಂದು ಫ್ಯಾರನ್‌ಹೀಟ್ ಡಿಗ್ರಿಗೆ ಸುಮಾರು 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಅನ್ನುವುದು ಕೆಲಸದವರ ಅಂದಾಜು ಲೆಕ್ಕ. ಮಧ್ಯಾಹ್ನ 28 ಡಿಗ್ರಿ ಸೆಲ್ಸಿಯಸ್ ಇದ್ದ ಇಂಧನ ಬೆಳಗಿನ ಜಾವ 16ಕ್ಕೆ ಇಳಿದರೆ 21, 22 ಪಿಪಿಎಂ ನೀರು ಹೊರಬೀಳುತ್ತದೆ. 500 ಲೀಟರಿಗೆ ಅದು ಹತ್ತಿರ ಹತ್ತಿರ 11 ಮಿಲಿಲೀಟರ್. ಇದು ಬರೀ ಕರಗಿದ್ದ ನೀರು. ವೆಂಟ್ (ಟ್ಯಾಂಕಿಗೆ ಗಾಳಿ ಆಡುವ ಕೊಳವೆ) ಮೂಲಕ ಒಳಬಂದ ತೇವದ ಗಾಳಿ ಟ್ಯಾಂಕಿನ ಖಾಲಿ ಗೋಡೆಯ ಮೇಲೆ ಬೆವರುವುದು ಬೇರೆ. ಟ್ಯಾಂಕು ತುಂಬಿಟ್ಟರೆ ಆ ಬೆವರು ಕಡಿಮೆ, ನಿಜ. ಆದರೆ ನಾಳೆ ಎಷ್ಟು ಜನ ಹತ್ತುತ್ತಾರೆ ಅಂತ ತಿಳಿಯದೆ ಹೆಲಿಕಾಪ್ಟರಿನ ಟ್ಯಾಂಕನ್ನು ತುಂಬಿಡಲು ಆಗುವುದಿಲ್ಲ, ತೂಕದ ಮಿತಿ ಅಡ್ಡ ಬರುತ್ತದೆ. ಹಾಗಾಗಿ ಡ್ರೇನ್ ಮಾಡುವುದೇ ದಾರಿ.

ಬೆಳಿಗ್ಗೆ ಹೆಲಿಕಾಪ್ಟರನ್ನು ಅಲುಗಾಡಿಸುವ ಮೊದಲೇ ಪ್ರತಿ ಟ್ಯಾಂಕಿನ ತಗ್ಗಿನ ಡ್ರೇನಿನಿಂದ ಸ್ವಚ್ಛವಾದ ಗಾಜಿನ ಜಾಡಿಗೆ ತೆಗೆಯಬೇಕು. ಆಮೇಲೆ ಫಿಲ್ಟರಿನ ಬಟ್ಟಲು. ಜಾಡಿಯನ್ನು ಸುತ್ತಿಸಿ ಸುಳಿ ಎಬ್ಬಿಸಿದರೆ ನೀರು, ಮಣ್ಣು ಸುಳಿಯ ಬುಡದಲ್ಲಿ ಒಟ್ಟಾಗುತ್ತವೆ. ಮಬ್ಬು ಇರಬಾರದು, ಬೆಳಕಿಗೆ ಹಿಡಿದರೆ ಫಳಫಳ ಹೊಳೆಯಬೇಕು. ಇಲ್ಲಿ ಒಂದು ಮೋಸ ಇದೆ: ಜೆಟ್ ಎ-1ಗೆ ಏವ್‌ಗ್ಯಾಸಿನ (ಪಿಸ್ಟನ್ ವಿಮಾನಗಳ ಪೆಟ್ರೋಲಿನ) ಹಾಗೆ ನೀಲಿ ಬಣ್ಣ ಹಾಕಿರುವುದಿಲ್ಲ. ಜಾಡಿ ಪೂರ್ತಿ ನೀರೇ ಬಂದಿದ್ದರೂ ತಿಳಿಯಾಗಿ, ಹೊಳೆಯುತ್ತಲೇ ಕಾಣುತ್ತದೆ. ಅದಕ್ಕೇ ವಾಟರ್ ಡಿಟೆಕ್ಟರ್ ಕ್ಯಾಪ್ಸೂಲ್: ಸಿರಿಂಜಿನ ತುದಿಗೆ ಸಿಕ್ಕಿಸಿ 5 ಮಿಲಿಲೀಟರ್ ಇಂಧನ ಎಳೆದರೆ ಹಳದಿ ಕಾಗದ 30 ಪಿಪಿಎಂ ಸುಮಾರಿಗೆ ಹಸಿರಿಗೆ ತಿರುಗುತ್ತದೆ. ಒಂದು ಕ್ಯಾಪ್ಸೂಲು ಒಂದೇ ಸಲಕ್ಕೆ. ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ನಮ್ಮ ಗಾಳಿಯ ತೇವಕ್ಕೇ ಅವು ಕೆಡುತ್ತವೆ. ಡಬ್ಬಿ ಮೇಲಿನ ಅವಧಿ ಮುಗಿದಿದ್ದರೆ ಬಳಸಬಾರದು.

ಡ್ರಮ್ಮಿನ ವಿಷಯ. 200 ಲೀಟರಿನ ಡ್ರಮ್ಮನ್ನು ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಮೇಲಿನ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿಯಿಂದ ಆ ನೀರನ್ನೇ ಒಳಕ್ಕೆ ಎಳೆಯುತ್ತದೆ. ಸೀಲು ಮುರಿಯದ ಡ್ರಮ್ಮಿನಲ್ಲೂ ನೀರು ಸಿಗುವುದಕ್ಕೆ ಇದೇ ಕಾರಣ. ಅಡ್ಡ ಮಲಗಿಸಿ, ಎರಡು ಬಿರಡೆಗಳು ಗಡಿಯಾರದ 3 ಮತ್ತು 9ರ ಜಾಗಕ್ಕೆ ಬರುವಂತೆ ಇಡಬೇಕು. ಆಗ ಎರಡೂ ಬಿರಡೆಗಳ ಹಿಂದೆ ಇಂಧನವೇ ಇರುತ್ತದೆ, ಗಾಳಿ ಎಳೆಯುವ ಪ್ರಶ್ನೆ ಇಲ್ಲ. ಕೆಳಗೆ ಮರದ ತುಂಡು ಕೊಡಿ, ಕೆಮ್ಮಣ್ಣಿನ ಮೇಲೆ ನೇರ ಇಡಬೇಡಿ.

ತುಂಬಿಸುವ ದಿನ ಡ್ರಮ್ಮನ್ನು ನಿಲ್ಲಿಸಿ, ಬಿರಡೆ ಇರುವ ಕಡೆ ಎತ್ತರ ಬರುವಂತೆ ಸ್ವಲ್ಪ ವಾಲಿಸಿ, ಸುಮ್ಮನೆ ಬಿಡಬೇಕು. ಜೆಟ್ ಇಂಧನದಲ್ಲಿ ನೀರು, ಕಸ ಕೆಳಗಿಳಿಯಲು ಅಡಿಗೆ ಸುಮಾರು ಒಂದು ಗಂಟೆ ಬೇಕು, ಡ್ರಮ್ಮಿನ ಎತ್ತರಕ್ಕೆ ಮೂರು ಗಂಟೆ. ಹೆಲಿಕಾಪ್ಟರಿನ ಸದ್ದು ಕೇಳಿದ ಮೇಲೆ ಡ್ರಮ್ ಉರುಳಿಸಿ ತಂದರೆ ತಳದ ಕೊಳೆಯೆಲ್ಲ ಕಲಕಿ ಒಳಗೆ ಹೋಗುತ್ತದೆ. ಪಂಪಿನ ಕೊಳವೆ ತಳ ಮುಟ್ಟಬಾರದು, 5 ಸೆಂ.ಮೀ. ಬಿಡಿ, ಆ ಉಳಿದದ್ದು ಹೆಲಿಕಾಪ್ಟರಿಗೆ ಅಲ್ಲ. ವಾಟರ್ ಸೆಪರೇಟರ್ ಇರುವ ಫಿಲ್ಟರಿನ ಮೂಲಕವೇ ತುಂಬಬೇಕು. ಅದರ ಡಿಫರೆನ್ಷಿಯಲ್ ಪ್ರೆಷರ್ (ಒಳಬರುವ, ಹೊರಹೋಗುವ ಕಡೆಗಳ ಒತ್ತಡದ ವ್ಯತ್ಯಾಸ) ಏರುತ್ತಿದ್ದರೆ ಕಟ್ಟುತ್ತಿದೆ ಅಂತ. ಅದೇ ಹರಿವಿನಲ್ಲಿ ಇದ್ದಕ್ಕಿದ್ದಂತೆ ಇಳಿದರೆ ಸ್ವಚ್ಛವಾಯಿತು ಅಂತಲ್ಲ, ಒಳಗಿನ ಎಲಿಮೆಂಟ್ ಹರಿದಿದೆ ಅಂತ. ತಕ್ಷಣ ನಿಲ್ಲಿಸಿ.

ಸ್ಥಿರ ವಿದ್ಯುತ್ತಿನ ಕಿಡಿ ತಡೆಯುವ ಬಾಂಡಿಂಗ್ ತಂತಿಗಳನ್ನು ಮುಚ್ಚಳ ತೆಗೆಯುವ ಮೊದಲು ಹಾಕಬೇಕು: ಡ್ರಮ್ಮಿಗೂ ಪಂಪಿಗೂ, ಪಂಪಿಗೂ ಹೆಲಿಕಾಪ್ಟರಿಗೂ, ಕೊನೆಗೆ ನಾಜಲ್ಲಿನದು. ಬಿಚ್ಚುವುದು ಮುಚ್ಚಳ ಹಾಕಿದ ಮೇಲೆ. ಪ್ಲಾಸ್ಟಿಕ್ ಕ್ಯಾನು, ಪ್ಲಾಸ್ಟಿಕ್ ಆಲಿಕೆ ಹತ್ತಿರವೂ ಬರಬಾರದು. ಜೆಟ್ ಎ-1ರ ಫ್ಲಾಷ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) ಕನಿಷ್ಠ 38 ಡಿಗ್ರಿ ಅನ್ನುವ ಧೈರ್ಯ ಕೆಲವರಿಗೆ. ಬಿಸಿಲಿನಲ್ಲಿ ಬಿದ್ದಿದ್ದ ಡ್ರಮ್ಮಿನ ಒಳಗೆ ಅದನ್ನು ದಾಟುವುದು ಕಷ್ಟವೇನಲ್ಲ.

ಬೂಷ್ಟು: ನೀರು ಮತ್ತು ಇಂಧನ ಸೇರುವ ಗೆರೆಯಲ್ಲಿ ಹಾರ್ಮೋಕೋನಿಸ್ ರೆಸಿನೆ ಎಂಬ ಶಿಲೀಂಧ್ರ ಬೆಳೆಯುತ್ತದೆ. ಕಂದು ಲೋಳೆ, ಫಿಲ್ಟರ್ ಕಟ್ಟುತ್ತದೆ, ಅದರ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ಔಷಧಿ ಇದೆ, ಆದರೆ ಎಂಜಿನ್ ಕಂಪನಿಯ ಮ್ಯಾನುಯಲ್ ಒಪ್ಪಿದ್ದು, ಹೇಳಿದ ಪ್ರಮಾಣ ಮಾತ್ರ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಿಂದ ಏರಿದ ಎ321 ವಿಮಾನದ ಎರಡೂ ಎಂಜಿನ್ ತೊಂದರೆ ಕೊಟ್ಟವು. ಬಯೋಸೈಡನ್ನು, ಅಂದರೆ ಇಂಥದೇ ಔಷಧಿಯನ್ನು, ಬೇಕಾದ್ದಕ್ಕಿಂತ 38 ಪಟ್ಟು ಹೆಚ್ಚು ಹಾಕಲಾಗಿತ್ತು.

ಸ್ಕಿಡ್‌ಗೇರ್

ಮೇಲಿನವರು ಹಾರಾಟದ ಬಗ್ಗೆ ಹೇಳಿದ್ದಾರೆ. ಬಿದ್ದ ಮೇಲಿನದ್ದನ್ನೂ ಪ್ರಾಜೆಕ್ಟಿಗೆ ಸೇರಿಸಿಕೊಳ್ಳಿ. ಪೆಟ್ಟಿನಿಂದ ಬದುಕಿದವರು ಬೆಂಕಿಯಲ್ಲಿ ಸಾಯುವುದನ್ನು ತಡೆಯಲು 1994ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 27.952 ಮತ್ತು 29.952 ನಿಯಮ ತಂದಿತು. ಟ್ಯಾಂಕನ್ನು ಸುತ್ತಲಿನ ರಚನೆಯ ಸಮೇತ, ಶೇ 80ರಷ್ಟು ನೀರು ತುಂಬಿ, 50 ಅಡಿಯಿಂದ ಗಟ್ಟಿ ನೆಲಕ್ಕೆ ಬೀಳಿಸಬೇಕು, ಸೋರಬಾರದು. ಕೊಳವೆಗಳಲ್ಲಿ ಬ್ರೇಕ್‌ಅವೇ ಕಪ್ಲಿಂಗ್ ಇರಬೇಕು: ರಚನೆ ಹರಿದಾಗ ಅದು ತಾನೇ ಬೇರ್ಪಟ್ಟು ಎರಡೂ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಕೊಳವೆ ಸಾಲಿನ ಅತಿ ದುರ್ಬಲ ಭಾಗ ಮುರಿಯುವ ಬಲದ ಶೇ 25ರಿಂದ 50ರ ನಡುವೆ ಅದು ಬೇರ್ಪಡಬೇಕು, ಆದರೆ 300 ಪೌಂಡಿಗಿಂತ ಕಡಿಮೆಯಲ್ಲಿ ಅಲ್ಲ. ಇಲ್ಲದಿದ್ದರೆ ಮೆಕ್ಯಾನಿಕ್ಕಿನ ಕಾಲು ತಾಗಿದರೂ ಕಳಚೀತು.

ಎಲ್ಲರೂ ಎಡವುವ ಜಾಗ: ಈ ನಿಯಮ ಆ ಮೇಲೆ ಹೊಸದಾಗಿ ಸರ್ಟಿಫೈ ಆದ ವಿನ್ಯಾಸಗಳಿಗೆ ಮಾತ್ರ ಅನ್ವಯಿಸಿತು. ಹಳೇ ವಿನ್ಯಾಸದ ಹೆಲಿಕಾಪ್ಟರುಗಳು ಹಳೇ ಟ್ಯಾಂಕಿನೊಂದಿಗೇ ಹೊಸದಾಗಿ ತಯಾರಾಗುತ್ತಿದ್ದವು. ಅಮೆರಿಕದಲ್ಲಿ 2018ರ ಕಾಯ್ದೆ ಬಂದು, 2020ರ ಏಪ್ರಿಲ್ 5ರ ನಂತರ ತಯಾರಾಗುವವಕ್ಕೂ ಕಡ್ಡಾಯವಾಯಿತು. ಹಾಗಾಗಿ ಯಾವ ಹೆಲಿಕಾಪ್ಟರ್ ಬಗ್ಗೆ ಬರೆದರೂ ತಯಾರಾದ ವರ್ಷ ನೋಡಿ ತೀರ್ಮಾನಿಸಬೇಡಿ, ಟೈಪ್ ಸರ್ಟಿಫಿಕೇಟಿನ (ಆ ವಿನ್ಯಾಸಕ್ಕೆ ಸಿಕ್ಕ ಮಂಜೂರಾತಿಯ) ಆಧಾರ ನೋಡಿ.

ಇನ್ನೊಂದು, ಬೂಸ್ಟ್ ಪಂಪು ತಳ್ಳುವ ಬದಲು ಎಂಜಿನ್ನೇ ಎಳೆದುಕೊಳ್ಳುವ ಸಕ್ಷನ್ ವ್ಯವಸ್ಥೆ ಅಮೆರಿಕದ ಸೇನಾ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್‌ನಲ್ಲಿದೆ. ಕೊಳವೆ ತುಂಡಾದರೆ ಗಾಳಿ ಒಳಬರುತ್ತದೆ, ಇಂಧನ ಹೊರಗೆ ಚಿಮ್ಮುವುದಿಲ್ಲ. ಬೆಂಕಿಯ ದೃಷ್ಟಿಯಿಂದ ಅದೇ ಉತ್ತಮ ಅನ್ನುವುದು ನನ್ನ ಅಭಿಪ್ರಾಯ.

ಟರ್ಬೋಶಾಫ್ಟ್

ಬೆಂಕಿಯ ಮಟ್ಟಿಗೆ ಒಪ್ಪುತ್ತೇನೆ. ಪೂರ್ತಿ ಅಲ್ಲ. ಸಕ್ಷನ್‌ನಲ್ಲಿ ಕೊಳವೆಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಒಂದು ಓ-ರಿಂಗ್ ಸವೆದಿದ್ದರೂ ಇಂಧನ ಸೋರಿ ಕಲೆ ತೋರಿಸುವುದಿಲ್ಲ, ಸದ್ದಿಲ್ಲದೆ ಗಾಳಿ ಒಳಗೆಳೆಯುತ್ತದೆ. ಒತ್ತಡದ ವ್ಯವಸ್ಥೆಯಲ್ಲಿ ಅದೇ ದೋಷ ಬೆಳಿಗ್ಗೆ ತೇವವಾಗಿ ಕಣ್ಣಿಗೆ ಬೀಳುತ್ತದೆ. ಎತ್ತರ ಹೆಚ್ಚಿದಂತೆ, ಇಂಧನ ಬಿಸಿಯಾದಂತೆ ಆವಿ ಗುಳ್ಳೆಯ ಅಪಾಯವೂ ಇದೆ. ಸಕ್ಷನ್ ಇಟ್ಟರೆ ಜೋಡಣೆಗಳ ತಪಾಸಣೆ ಇನ್ನೂ ಬಿಗಿ ಇರಬೇಕು.

ಸ್ಕಿಡ್‌ಗೇರ್

ಸರಿಯಾದ ಮಾತು. ವೆಂಟ್ ಬಗ್ಗೆಯೂ ಸೇರಿಸುತ್ತೇನೆ: ಕಾಫಿ ತೋಟದ ಪಕ್ಕ ನಾಲ್ಕು ದಿನ ನಿಂತ ಹೆಲಿಕಾಪ್ಟರಿನ ವೆಂಟ್ ಬಾಯಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಬಲ್ಲದು. ವೆಂಟ್ ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಪಂಪು ಎಳೆಯಲಾರದೆ ಹೋಗುತ್ತದೆ, ರಬ್ಬರ್ ಬ್ಲಾಡರ್ (ಚೀಲದಂಥ ಟ್ಯಾಂಕು) ಆದರೆ ಒಳಕ್ಕೆ ಕುಸಿದು ಗೇಜೂ ಸುಳ್ಳು ಹೇಳುತ್ತದೆ. ಕವರ್ ಹಾಕಿಡಿ, ಹಾರುವ ಮುಂಚೆ ತೆಗೆದದ್ದನ್ನು ಇಬ್ಬರು ನೋಡಿ.

ರೋಟರ್_ಹಾಸನ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಕಾಲೇಜಿನ ಲ್ಯಾಬಿನಲ್ಲೇ ಮಾಡಿ ತೋರಿಸಬಹುದಾದ ಪ್ರಯೋಗ ಏನಾದರೂ ಇದೆಯೇ?

ಟರ್ಬೋಶಾಫ್ಟ್

ಇದೆ. ಅಕ್ರಿಲಿಕ್ ಹಾಳೆಯಲ್ಲಿ 60 ಸೆಂ.ಮೀ. ಉದ್ದ, 40 ಅಗಲ, 20 ಎತ್ತರದ ಟ್ಯಾಂಕು ಮಾಡಿಸಿ, 48 ಲೀಟರ್ ಹಿಡಿಯುತ್ತದೆ. ನೀರಿನಲ್ಲೇ ಮಾಡಿ, ಸೀಮೆಎಣ್ಣೆ ತರಬೇಡಿ. ಮುಂದಿನ ತುದಿ, ನಡು, ಹಿಂದಿನ ತುದಿ, ಮೂರು ಕಡೆ ತಳದಲ್ಲಿ ತೂತು ಕೊರೆದು ಪಾರದರ್ಶಕ ಪೈಪು, ಒಂದೊಂದು ವಾಲ್ವು ಹಾಕಿ, ಒಂದು ಚಿಕ್ಕ ಪಂಪಿಗೆ ಸೇರಿಸಿ. ಟ್ಯಾಂಕನ್ನು ಮೂತಿ ಕೆಳಗೆ 6 ಡಿಗ್ರಿ ವಾಲಿಸಿ, ಒಂದೊಂದೇ ಬಾಯಿಯಿಂದ ಎಳೆದು, ಪೈಪಿನಲ್ಲಿ ಮೊದಲ ಗುಳ್ಳೆ ಕಂಡ ಕ್ಷಣ ನಿಲ್ಲಿಸಿ ಉಳಿದ ನೀರನ್ನು ಅಳೆಯಿರಿ.

ಲೆಕ್ಕ ಮೊದಲೇ ಹಾಕಿಟ್ಟುಕೊಳ್ಳಿ. 60 ಸೆಂ.ಮೀ.ಗೆ 6 ಡಿಗ್ರಿ ಅಂದರೆ ತುದಿಯಿಂದ ತುದಿಗೆ 6.3 ಸೆಂ.ಮೀ. ವ್ಯತ್ಯಾಸ. ಹಿಂದಿನ ಬಾಯಿಯೊಂದೇ ತೆರೆದಿದ್ದರೆ ಸುಮಾರು ಏಳೂವರೆ ಲೀಟರ್ ತಲುಪಲಾಗದೆ ಉಳಿಯಬೇಕು, ನಡುವಿನದಾದರೆ ಅದರ ಕಾಲು ಭಾಗ, ಎರಡು ಲೀಟರಿಗೂ ಕಡಿಮೆ. ಮುಂದಿನದಾದರೆ ಹತ್ತಿರ ಹತ್ತಿರ ಸೊನ್ನೆ. ನೀವು ಅಳೆದದ್ದು ಲೆಕ್ಕಕ್ಕಿಂತ ತುಸು ಹೆಚ್ಚೇ ಬರುತ್ತದೆ, ಯಾಕೆಂದರೆ ಬಾಯಿ ಪೂರ್ತಿ ಬಯಲಾಗುವ ಮೊದಲೇ ಅಲ್ಲೊಂದು ಸುಳಿ ಎದ್ದು ಗಾಳಿ ಎಳೆಯುತ್ತದೆ. ಪಂಪಿನ ವೇಗ ಹೆಚ್ಚಿಸಿ ಅದೇ ಅಳತೆ ಮತ್ತೆ ತೆಗೆಯಿರಿ, ಆ ಸುಳಿಯ ಪಾಲು ಎಷ್ಟು ಅಂತ ಗೊತ್ತಾಗುತ್ತದೆ. ಬಾಯಿಯ ಮೇಲೆ ಒಂದು ಚಪ್ಪಟೆ ತಗಡು ಅಡ್ಡ ಇಟ್ಟು ಮೂರನೇ ಸಲವೂ ಮಾಡಿ.

ಇದು ಒಂದೇ ವೇಗದ ಹಾರಾಟಕ್ಕೆ ಸರಿ. ಇಳಿಯುವ ಮುಂಚೆ ವೇಗ ಕಡಿಮೆ ಮಾಡುವಾಗ ಆ ಬಲವೂ ಸೇರುವುದರಿಂದ ಇಂಧನದ ಮೇಲ್ಮೈ ಪಿಚ್ ಕೋನವನ್ನಷ್ಟೇ (ಮೂತಿ ಏರಿಳಿದ ಕೋನ) ಅನುಸರಿಸುವುದಿಲ್ಲ. ಈ ಮಿತಿಯನ್ನು ವರದಿಯಲ್ಲಿ ನೀವೇ ಬರೆದುಬಿಡಿ, ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.